ಹೆಂಚಿನ ಮನೆಗೆ ಹೊಸ ರೂಪ: ಬಣ್ಣಕ್ಕೆ ಮೊದಲು ನೀರಿನ ದಾರಿ ನೋಡಿ

ಪ್ರಶ್ನೆ: ನಮ್ಮದು ಹೊಸನಗರ ತಾಲ್ಲೂಕಿನ ಒಂದು ಹಳ್ಳಿ. ಮನೆ ನಮ್ಮ ಮಾವನವರ ತಂದೆ ಕಟ್ಟಿಸಿದ್ದು, ಎಪ್ಪತ್ತು ವರ್ಷ ದಾಟಿದೆ. ಮಣ್ಣಿನ ಗೋಡೆ, ಹೆಂಚಿನ ಮಾಡು, ನಡುಮನೆಗೆ ರೆಡ್ ಆಕ್ಸೈಡ್ ನೆಲ. ಮನೆಯ ಹಿಂದೆ ಧರೆ, ಅಂದರೆ ಗುಡ್ಡ ಕಡಿದ ಮಣ್ಣಿನ ದಿಬ್ಬ ಇದೆ. ಮೂರು ವರ್ಷದ ಹಿಂದೆ ಗೋಡೆಗೆ ಸಿಮೆಂಟ್ ಪ್ಲಾಸ್ಟರ್, ಪುಟ್ಟಿ, ಪ್ಲಾಸ್ಟಿಕ್ ಪೇಂಟ್ ಮಾಡಿಸಿ ಅಂಗಳಕ್ಕೆ ಇಂಟರ್‌ಲಾಕ್ ಹಾಕಿಸಿದೆವು. ಈಗ ನೆಲದಿಂದ ಮೂರಡಿ ತನಕ ಬಣ್ಣ ಚಕ್ಕೆ ಚಕ್ಕೆಯಾಗಿ ಉದುರುತ್ತಿದೆ, ಒಳಗೆಲ್ಲ ಬೂಷ್ಟು ವಾಸನೆ. ಮಂಗಗಳು ಹೆಂಚು ಒಡೆದು ಅಲ್ಲಲ್ಲಿ ಸೋರುತ್ತದೆ. ಬೆಂಗಳೂರಿನಲ್ಲಿರುವ ಮೈದುನ ಮಾಡು ತೆಗೆದು ಸ್ಲ್ಯಾಬ್ ಹಾಕಿಸೋಣ ಎನ್ನುತ್ತಾರೆ. ಮಾವನವರಿಗೆ ಅದು ಸುತಾರಾಂ ಇಷ್ಟವಿಲ್ಲ. ಅತ್ತೆಗೆ ಮಂಡಿನೋವು, ಬಚ್ಚಲು ಹಿತ್ತಲಲ್ಲಿದೆ. ಅಡುಗೆಮನೆ ಕತ್ತಲೆ. ಮುಂದಿನ ಮೇ ತಿಂಗಳಲ್ಲಿ ಮಗಳ ಮದುವೆ. ಎಲ್ಲಿಂದ ಶುರು ಮಾಡಬೇಕು?

ಉತ್ತರ: ಅಂಗಳದಿಂದ ಶುರು ಮಾಡಿ. ಮದುವೆ ಮನೆ ಎಂದರೆ ಮೊದಲು ಬಣ್ಣದ ಯೋಚನೆ ಬರುವುದು ಸಹಜ. ಆದರೆ ನಿಮ್ಮ ಗೋಡೆಗೆ ಈಗ ಇನ್ನೊಂದು ಸಲ ಪುಟ್ಟಿ ಹೊಡೆಸಿದರೆ ಬರುವ ಮಳೆಗಾಲ ಮುಗಿಯುವುದರೊಳಗೆ ಅದೂ ಉದುರುತ್ತದೆ. ಸ್ಲ್ಯಾಬ್ ಅಂತೂ ಬೇಡವೇ ಬೇಡ. ಕಾರಣ ಮುಂದೆ ಹೇಳುತ್ತೇನೆ.

ನಿಮ್ಮ ಪತ್ರದಲ್ಲಿ ನನ್ನ ಕಣ್ಣಿಗೆ ಬಿದ್ದ ಮಾತು ಇಂಟರ್‌ಲಾಕ್. ಅದನ್ನು ಹಾಕಿಸುವ ಮೊದಲು ಗೋಡೆ ಹೀಗೆ ಉದುರುತ್ತಿತ್ತಾ ಎಂದು ಮಾವನವರನ್ನು ಕೇಳಿ. ಬಹುಶಃ ಇಲ್ಲ ಎನ್ನುತ್ತಾರೆ. ಮೊದಲು ಸೂರಿನ ನೀರು ಮಣ್ಣಿನ ಮೇಲೆ ಬೀಳುತ್ತಿತ್ತು. ಬಿದ್ದಲ್ಲೇ ಗುಳಿ ಮಾಡಿಕೊಂಡು, ಸಣ್ಣ ಕಾಲುವೆಯಾಗಿ ಹರಿದು ಹೋಗುತ್ತಿತ್ತು. ಈಗ ಅದೇ ನೀರು ಗಟ್ಟಿ ಕಲ್ಲಿಗೆ ಬಡಿದು ಗೋಡೆಗೆ ಎರಚುತ್ತದೆ. ಇನ್ನೊಂದು ವಿಷಯ, ಇಂಟರ್‌ಲಾಕ್ ಹಾಕುವಾಗ ಜಲ್ಲಿಪುಡಿ ತುಂಬಿ ಅಂಗಳವನ್ನು ನಾಲ್ಕಾರು ಇಂಚು ಎತ್ತರಿಸುತ್ತಾರೆ. ಮನೆಯ ಪಾಯ ಅಷ್ಟು ಹೂತು ಹೋದ ಹಾಗಾಯಿತು. ಜಗಲಿಗೆ ಮೊದಲು ಎರಡು ಮೆಟ್ಟಿಲು ಹತ್ತುತ್ತಿದ್ದವರು ಈಗ ಒಂದೇ ಹತ್ತುತ್ತಿದ್ದೀರಾ, ನೋಡಿಕೊಳ್ಳಿ.

ಮಣ್ಣಿನ ಗೋಡೆ ನೆಲದಿಂದ ತೇವ ಎಳೆದುಕೊಳ್ಳುತ್ತದೆ. ಅದನ್ನು ಪೂರ್ತಿ ತಪ್ಪಿಸಲು ಆಗುವುದಿಲ್ಲ. ಹಿಂದಿನವರು ಮಣ್ಣಿನ ಗಾರೆ ಮೆತ್ತಿ ಸುಣ್ಣ ಬಳಿಯುತ್ತಿದ್ದರು. ಮಳೆಗಾಲದಲ್ಲಿ ಹೀರಿದ್ದನ್ನು ಗೋಡೆ ಬೇಸಿಗೆಯಲ್ಲಿ ಹೊರಗೆ ಬಿಡುತ್ತಿತ್ತು. ಸಿಮೆಂಟು, ಪುಟ್ಟಿ, ಪ್ಲಾಸ್ಟಿಕ್ ಪೇಂಟ್ ಮೂರೂ ಸೇರಿ ಆ ದಾರಿ ಮುಚ್ಚಿವೆ. ಒಳಗೆ ಸಿಕ್ಕಿಕೊಂಡ ನೀರು ಹೊರಗೆ ಬರಲು ನೋಡುತ್ತದೆ. ಬರುವಾಗ ಮಣ್ಣಿನಲ್ಲಿರುವ ಉಪ್ಪನ್ನೂ ತರುತ್ತದೆ. ಆ ಉಪ್ಪು ಬಣ್ಣದ ಹಿಂದೆ ಹರಳುಗಟ್ಟಿ ಉಬ್ಬಿದಾಗ ಬಣ್ಣ ಚಕ್ಕೆ ಏಳುತ್ತದೆ. ಒಂದು ಚಕ್ಕೆ ಕಿತ್ತು ಹಿಂಬದಿ ನೋಡಿ. ಬಿಳಿ ಹಿಟ್ಟಿನಂಥ ಪುಡಿ ಇದ್ದರೆ ಅದೇ ಉಪ್ಪು. ಇದಕ್ಕೆ ‘ಡ್ಯಾಂಪ್ ಪ್ರೂಫ್’ ಪೇಂಟ್ ಬಳಿಯಿರಿ ಎಂದು ಅಂಗಡಿಯಲ್ಲಿ ಹೇಳುತ್ತಾರೆ. ಮಣ್ಣಿನ ಗೋಡೆಗೆ ಅದನ್ನು ಬಳಿದರೆ ತೇವ ಮೂರಡಿಯಲ್ಲಿ ನಿಲ್ಲುವ ಬದಲು ನಾಲ್ಕಡಿಗೆ ಏರುತ್ತದೆ, ಅಷ್ಟೇ.

ತೇವ ಗೋಡೆಯೊಳಗಿನದೋ, ಕೋಣೆಯ ಗಾಳಿಯದೋ ಎಂಬ ಅನುಮಾನವಿದ್ದರೆ ಒಂದು ಪರೀಕ್ಷೆ ಇದೆ. ಮಳೆ ಬಿಟ್ಟಾಗ, ಗೋಡೆಯಲ್ಲಿ ಬಣ್ಣ ಉದುರಿದ ಕಡೆ ಒಂದಡಿ ಉದ್ದಗಲದ ದಪ್ಪ ಪ್ಲಾಸ್ಟಿಕ್ ಹಾಳೆ ಇಟ್ಟು ನಾಲ್ಕೂ ಅಂಚಿಗೆ ಟೇಪ್ ಅಂಟಿಸಿ. ಎರಡು ದಿನ ಬಿಟ್ಟು ನೋಡಿ. ಹಾಳೆಯ ಹಿಂದೆ, ಗೋಡೆ ಕಡೆ ಹನಿ ಕಂಡರೆ ನೀರು ಗೋಡೆಯಿಂದಲೇ ಬರುತ್ತಿದೆ. ಮುಂದೆ, ಕೋಣೆ ಕಡೆ ಹನಿ ಕಟ್ಟಿದ್ದರೆ ಗಾಳಿಯಾಡುತ್ತಿಲ್ಲ ಎಂದರ್ಥ. ಧರೆ ಕಡೆಯ ಗೋಡೆಗೂ ಜಗಲಿ ಕಡೆಯ ಗೋಡೆಗೂ ಬೇರೆ ಬೇರೆಯಾಗಿ ಮಾಡಿ. ಎರಡೂ ಕಡೆ ಒಂದೇ ಉತ್ತರ ಬರಬೇಕೆಂದಿಲ್ಲ.

ಈಗ ಮಾಡಬೇಕಾದ ಕೆಲಸ. ಸೂರಿನ ನೀರು ಬೀಳುವ ಸಾಲಿನಲ್ಲಿ ಎರಡೂವರೆ ಅಡಿ ಅಗಲಕ್ಕೆ ಇಂಟರ್‌ಲಾಕ್ ಕಿತ್ತು ಹಾಕಿಸಿ. ಅಲ್ಲಿ ಒಂದಡಿ ಆಳದ ಕಾಲುವೆ ತೆಗೆಸಿ, ಮನೆಯಿಂದ ಆಚೆಗೆ ಓಟ ಕೊಟ್ಟು ದಪ್ಪ ಜಲ್ಲಿ ತುಂಬಿಸಿ. ನೀರು ಜಲ್ಲಿಯ ಮೇಲೆ ಬಿದ್ದರೆ ಎರಚುವುದು ನಿಲ್ಲುತ್ತದೆ. ಧರೆ ಕಡೆ ಕೆಲಸ ಇನ್ನೂ ಮುಖ್ಯ. ಅಡಿಕೆ ತೋಟಕ್ಕೆ ಬಸಿಗಾಲುವೆ ಹೊಡೆಸುತ್ತೀರಲ್ಲ, ಮನೆಗೂ ಹಾಗೇ ಬೇಕು. ಧರೆಯ ಬುಡದಲ್ಲಿ, ಮನೆಯ ನೆಲಮಟ್ಟಕ್ಕಿಂತ ಕೆಳಗೆ, ಎರಡೂ ಪಕ್ಕಕ್ಕೆ ನೀರು ಹರಿದು ಹೋಗುವ ಹಾಗೆ ತೆಗೆಸಿ. ಗೋಡೆಯಿಂದ ನಾಲ್ಕಡಿ ದೂರ ಇರಲಿ, ಆಳ ಪಾಯದ ಅಡಿಗಿಂತ ಕೆಳಗೆ ಹೋಗುವುದು ಬೇಡ. ಮಣ್ಣಿನ ಗೋಡೆಯ ಬುಡ ಬಗೆದರೆ ಗೋಡೆಯೇ ಕೂರುತ್ತದೆ. ಜೆಸಿಬಿ ತರಿಸಬೇಡಿ. ಕೈಕೆಲಸವೇ ಆಗಲಿ.

ಆಮೇಲೆ ಗೋಡೆ. ಉದುರಿದ ಎತ್ತರಕ್ಕಿಂತ ಒಂದಡಿ ಮೇಲಿನವರೆಗೆ ಸಿಮೆಂಟ್ ಪ್ಲಾಸ್ಟರ್ ಬಿಡಿಸಿ ತೆಗೆಸಿ. ಒಳಗೂ ತೆಗೆಯಬೇಕು, ಹೊರಗೂ ತೆಗೆಯಬೇಕು. ಉಪ್ಪನ್ನು ಒಣ ಬ್ರಷ್‌ನಿಂದ ಗುಡಿಸಿ, ನೀರು ಹಾಕಿ ತೊಳೆಯಬೇಡಿ. ತೊಳೆದರೆ ಉಪ್ಪು ವಾಪಸ್ ಗೋಡೆಯೊಳಗೆ ಹೋಗುತ್ತದೆ. ಹಾಗೇ ತೆರೆದು ಬಿಡಿ. ನೋಡಲು ಚೆನ್ನಾಗಿರುವುದಿಲ್ಲ, ಬಂದವರು ಏನಾಯಿತೆಂದು ಕೇಳುತ್ತಾರೆ. ಕೇಳಲಿ. ಚಳಿಗಾಲದ ಒಣಗಾಳಿ ಮಾಡುವಷ್ಟು ಕೆಲಸ ಯಾವ ಕೆಮಿಕಲ್ಲೂ ಮಾಡುವುದಿಲ್ಲ. ಮಾರ್ಚ್ ಹೊತ್ತಿಗೆ ಒಂದು ಪಾಲು ಸುಣ್ಣ, ಮೂರು ಪಾಲು ಮರಳಿನ ಗಾರೆ ಮಾಡಿಸಿ, ತೆಳುವಾಗಿ ಎರಡು ಸಲ ಹಚ್ಚಿಸಿ. ಸುಣ್ಣ ನೆನೆಹಾಕಿ ಕೆಲವು ವಾರವಾದರೂ ಕಳಿತಿರಬೇಕು. ಬೇಗ ಒಣಗದ ಹಾಗೆ ಒದ್ದೆ ಗೋಣಿ ಇಳಿಬಿಡಿ. ಕೆಲಸದವರ ಕಣ್ಣಿಗೆ ಕನ್ನಡಕ ಇರಲಿ, ಸುಣ್ಣ ಸಿಡಿದರೆ ಕಣ್ಣು ಸುಡುತ್ತದೆ. ಅದರ ಮೇಲೆ ತೆಳ್ಳಗೆ ಮೂರು ಕೈ ಸುಣ್ಣ. ಬಣ್ಣ ಬೇಕೆಂದರೆ ಸುಣ್ಣಕ್ಕೇ ಹಳದಿ ಅಥವಾ ಕೆಂಪು ಆಕ್ಸೈಡ್ ಕಲಸಬಹುದು. ತಿಳಿ ಹಳದಿ ಸುಣ್ಣದ ಗೋಡೆಗೆ ಸಂಜೆ ಬಿಸಿಲು ಬಿದ್ದಾಗ ನೋಡಿ, ಯಾವ ಕಂಪನಿಯ ಶೇಡ್ ಕಾರ್ಡಿನಲ್ಲೂ ಆ ಬಣ್ಣ ಸಿಗುವುದಿಲ್ಲ.

ಸುಣ್ಣದ ಗಾರೆ ಗೊತ್ತಿರುವ ಮೇಸ್ತ್ರಿ ಈಗ ಕಡಿಮೆ. ‘ಒಂದು ಚೂರು ಸಿಮೆಂಟ್ ಸೇರಿಸೋಣ, ಗಟ್ಟಿ ಆಗುತ್ತೆ’ ಎನ್ನುವವರು ಜಾಸ್ತಿ. ಒಪ್ಪಬೇಡಿ. ನಿಮ್ಮ ಗೋಡೆಗೆ ಬೇಕಿರುವುದು ಗಟ್ಟಿ ಹೊದಿಕೆ ಅಲ್ಲ, ಗೋಡೆಯ ಜೊತೆ ಹೊಂದಿಕೊಂಡು ಹೋಗುವ ಹೊದಿಕೆ. ಸುಣ್ಣದ ಮೇಸ್ತ್ರಿ ಸಿಗಲೇ ಇಲ್ಲವೆಂದರೆ ಮಣ್ಣು, ಮರಳು, ಭತ್ತದ ಹೊಟ್ಟು ಕಲಸಿದ ಮಣ್ಣಿನ ಗಾರೆ ಮೆತ್ತಿಸಿ ಮೇಲೆ ಸುಣ್ಣ ಹೊಡೆಸಿ. ಊರಿನ ಹಿರಿಯರಿಗೆ ಅದು ಗೊತ್ತಿರುತ್ತದೆ.

ಇನ್ನು ಮಾಡು. ಐದು ಇಂಚಿನ ಸ್ಲ್ಯಾಬ್ 100 ಚದರ ಅಡಿಗೆ ಸುಮಾರು 3 ಟನ್ ತೂಗುತ್ತದೆ. ಅಷ್ಟೇ ಜಾಗದ ಹೆಂಚು, ಅದನ್ನು ಕೂರಿಸುವ ಮರದ ಪಟ್ಟಿ (ರೀಪು) ಸೇರಿದರೆ 600 ಕಿಲೋ ಆಸುಪಾಸು. ನಿಮ್ಮ ಗೋಡೆ ಎಪ್ಪತ್ತು ವರ್ಷ ಹೊತ್ತಿದ್ದು ಈ ಎರಡನೇ ಲೆಕ್ಕವನ್ನು. ಬುಡದಲ್ಲಿ ತೇವ ಕುಡಿದು ಮೆತ್ತಗಾದ ಮಣ್ಣಿನ ಗೋಡೆಯ ಮೇಲೆ ಐದು ಪಟ್ಟು ಭಾರ ಹೇರುವುದು ಅಪಾಯ. ಸ್ಲ್ಯಾಬ್ ಬೇಕೇ ಬೇಕೆಂದರೆ ಕಾಂಕ್ರೀಟ್ ಕಂಬ, ಬೀಮು ಎಬ್ಬಿಸಬೇಕು. ಅದು ಮನೆ ರಿಪೇರಿ ಅಲ್ಲ, ಹೊಸ ಮನೆ.

ಮೈದುನರಿಗೆ ಇನ್ನೊಂದು ಮಾತು ಹೇಳಿ. ಬೆಂಗಳೂರಿನಲ್ಲಿ ವರ್ಷಕ್ಕೆ ಸುಮಾರು 1,000 ಮಿಲಿಮೀಟರ್ ಮಳೆ ಬೀಳುತ್ತದೆ. ಆಗುಂಬೆಯಲ್ಲಿ 7,000 ದಾಟುತ್ತದೆ. ನಿಮ್ಮ ತಾಲ್ಲೂಕಿನ ಹುಲಿಕಲ್ ಕೂಡ ರಾಜ್ಯದಲ್ಲೇ ಅತಿ ಹೆಚ್ಚು ಮಳೆ ಬೀಳುವ ಜಾಗಗಳಲ್ಲಿ ಒಂದು. ಇಲ್ಲಿ ಚಪ್ಪಟೆ ತಾರಸಿ ಮೂರು ತಿಂಗಳು ನೀರಲ್ಲೇ ನೆನೆಯುತ್ತದೆ. ತೀರ್ಥಹಳ್ಳಿ, ಸಾಗರದ ಕಡೆ ತಾರಸಿ ಮನೆಗಳನ್ನು ಒಮ್ಮೆ ಗಮನಿಸಿ. ಸ್ಲ್ಯಾಬ್ ಮೇಲೆ ಮತ್ತೆ ಪೈಪ್ ನಿಲ್ಲಿಸಿ ಶೀಟ್ ಹೊದಿಸಿದ ಮನೆಗಳು ಎಷ್ಟೊಂದು ಕಾಣುತ್ತವೆ. ಎರಡು ಮಾಡಿಗೆ ದುಡ್ಡು ಕೊಟ್ಟ ಹಾಗಾಯಿತು ಅಲ್ವಾ?

ಹೆಂಚಿನ ಮಾಡನ್ನೇ ಸರಿ ಮಾಡಿಸಿ. ಮೈದುನರು ದೀಪಾವಳಿಗೆ ಬಂದಾಗ ಟಾರ್ಚು, ಒಂದು ಸ್ಕ್ರೂಡ್ರೈವರ್ ಹಿಡಿದು ಅಟ್ಟಕ್ಕೆ ಹತ್ತಲಿ. ಪಕಾಸು, ಅಂದರೆ ಮಾಡಿನ ಇಳಿಜಾರಿಗೆ ಹಾಕಿದ ಮರ, ಗೋಡೆಯ ಮೇಲೆ ಕೂರುವ ತುದಿಯನ್ನೇ ಮೊದಲು ನೋಡಬೇಕು. ಮರ ಲಡ್ಡಾಗುವುದು, ಕೊಳೆಯುವುದು ಅಲ್ಲಿಂದಲೇ. ಸ್ಕ್ರೂಡ್ರೈವರ್ ಚುಚ್ಚಿದರೆ ಸುಲಭವಾಗಿ ಒಳಗೆ ಹೋಯಿತು ಎಂದರೆ ಆ ಪಕಾಸು ಬದಲಾಯಿಸಬೇಕು. ಬಡಿದಾಗ ಗಟ್ಟಿ ಸದ್ದು ಬಂದರೆ ಮುಟ್ಟಬೇಡಿ. ಹೋದವಕ್ಕೆ ಸೀಮೆಸುಣ್ಣದ ಗುರುತು ಹಾಕಿ ಎಣಿಸಿ. ಆ ಲೆಕ್ಕ ಸಿಕ್ಕ ಮೇಲಷ್ಟೇ ಬಡಗಿಯ ಹತ್ತಿರ ಮಾತಾಡಿ. ಇಲ್ಲದಿದ್ದರೆ ಎಲ್ಲವನ್ನೂ ಕಿತ್ತು ಜಿಐ ಪೈಪಿನ ಟ್ರಸ್ (ಕಬ್ಬಿಣದ ಪೈಪಿನ ಚೌಕಟ್ಟು) ಹಾಕಿಬಿಡೋಣ ಎಂಬ ಸಲಹೆ ಬರುತ್ತದೆ. ಅರ್ಧಕ್ಕಿಂತ ಜಾಸ್ತಿ ಮರ ಹೋಗಿದ್ದರೆ ಟ್ರಸ್ ತಪ್ಪಲ್ಲ. ಆಗ ಗೋಡೆಯ ತಲೆಯ ಮೇಲೆ ಸುತ್ತಲೂ ಭಾರ ಹಂಚುವ ಮರದ ತೊಲೆಯೋ ತೆಳು ಕಾಂಕ್ರೀಟ್ ಬೆಲ್ಟೋ ಇರಲೇಬೇಕು. ಪೈಪನ್ನು ನೇರ ಮಣ್ಣಿನ ಮೇಲೆ ಕೂರಿಸಬಾರದು.

ಹುಳದ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಕಟ್ಟಿಗೆ ಒಲೆ ಉರಿಯುತ್ತಿದ್ದಾಗ ಹೊಗೆ ಅಟ್ಟಕ್ಕೆ ಏರಿ ಪಕಾಸು, ರೀಪುಗಳಿಗೆ ಮಸಿ ಹಿಡಿಯುತ್ತಿತ್ತು. ಆ ಮಸಿ ಇದ್ದ ಮರಕ್ಕೆ ಕುಟ್ಟೆ ಹುಳ ಅಷ್ಟಾಗಿ ಬರುವುದಿಲ್ಲ. ಗ್ಯಾಸ್ ಬಂದ ಮೇಲೆ ಆ ರಕ್ಷಣೆ ತಪ್ಪಿತು. ಹಾಗೆಂದು ಅಡುಗೆಮನೆಗೆ ಮತ್ತೆ ಹೊಗೆ ತುಂಬಿಸಿ ಎನ್ನುವುದಿಲ್ಲ, ಹೆಂಗಸರ ಕಣ್ಣು, ಎದೆ ಸುಟ್ಟಿದ್ದು ಸಾಕು. ಮರಕ್ಕೆ ಗೇರು ಎಣ್ಣೆ ಹಚ್ಚಿಸಿ. ಗೇರು ಬೀಜದ ಸಿಪ್ಪೆಯಿಂದ ತೆಗೆದ ಆ ಎಣ್ಣೆ ಮೈಗೆ ತಾಗಿದರೆ ಬೊಬ್ಬೆ ಏಳುತ್ತದೆ, ಕೈಗವಸು ಇಲ್ಲದೆ ಮುಟ್ಟಬಾರದು. ನೆಲದಿಂದ ಒರಲೆ (ಗೆದ್ದಲು) ಏರುತ್ತಿದ್ದರೆ ಗೋಡೆ ಬುಡಕ್ಕೆ ಔಷಧಿ ಹಾಕಿಸಬೇಕಾಗುತ್ತದೆ. ಬಾವಿ ಮನೆಗೆ ಹತ್ತಿರವಿದ್ದರೆ ಆ ಕಡೆ ಮಾತ್ರ ಹಾಕಿಸಬೇಡಿ.

ಹೆಂಚು ಬದಲಿಸುವ ಮುಂಚೆ ಒಂದನ್ನು ಇಳಿಸಿ ಅಡಿಭಾಗ ನೋಡಿ. ಕಾರ್ಖಾನೆಯ ಹೆಸರು ಅಚ್ಚಾಗಿರುತ್ತದೆ. 1865ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ಕರಾವಳಿಯಲ್ಲಿ ಎಷ್ಟೋ ಕಾರ್ಖಾನೆ ಬಂದವು, ಎಷ್ಟೋ ಮುಚ್ಚಿದವು. ಒಂದೊಂದರ ಅಚ್ಚು ಒಂದೊಂದು ಅಳತೆ. ಬೇರೆ ಅಚ್ಚಿನ ಹೆಂಚು ನಡುವೆ ಸೇರಿಸಿದರೆ ಕೊಕ್ಕೆ ಸರಿಯಾಗಿ ಕೂರದೆ ಅಲ್ಲೇ ಸೋರುತ್ತದೆ. ಅದಕ್ಕೇ ಹೊಸ ಹೆಂಚು ತಂದರೆ ಮಾಡಿನ ಒಂದು ಪೂರ್ತಿ ಮಗ್ಗುಲಿಗೆ ಹೊದಿಸಿ. ಅಲ್ಲಿಂದ ಇಳಿಸಿದ ಹಳೆಯದನ್ನು ಉಳಿದ ಮಗ್ಗುಲಿನ ಒಡಕಿಗೆ ಬಳಸಿ. ಬೆರಳಲ್ಲಿ ತಟ್ಟಿದರೆ ಠಣ್ ಎನ್ನುವ ಹಳೇ ಹೆಂಚು ಇನ್ನೂ ಬಹಳ ವರ್ಷ ಬಾಳುತ್ತದೆ. ಪಾಚಿಯನ್ನು ಬ್ರಷ್‌ನಲ್ಲಿ ಉಜ್ಜಿ ತೆಗೆದರೆ ಸಾಕು.

ಮಂಗಗಳನ್ನು ಪೂರ್ತಿ ತಡೆಯುವ ಉಪಾಯ ನನ್ನ ಹತ್ತಿರ ಇಲ್ಲ, ಯಾರ ಹತ್ತಿರವೂ ಇಲ್ಲ. ಹೆಂಚು ಒಡೆದರೂ ಒಳಗೆ ನೀರು ಬೀಳದ ಹಾಗೆ ಮಾಡಬಹುದು. ಪಕಾಸಿನ ಮೇಲೆ ತೆಳು ತಗಡು ಹಾಸಿ, ಅದರ ಮೇಲೆ ಹೆಂಚು. ಇದರಲ್ಲಿ ಒಂದು ಸೂಕ್ಷ್ಮ ಇದೆ, ಎಷ್ಟೋ ಜನ ಇಲ್ಲೇ ಎಡವುತ್ತಾರೆ. ತಗಡಿನ ಮೇಲೆ ಅಡ್ಡ ರೀಪನ್ನು ನೇರವಾಗಿ ಹೊಡೆದರೆ ಇಳಿಯುವ ನೀರು ಪ್ರತಿ ರೀಪಿಗೂ ತಡೆದು ನಿಂತು ಮರ ಕೊಳೆಯುತ್ತದೆ. ಮೊದಲು ಪಕಾಸಿನ ಉದ್ದಕ್ಕೆ ಸಣ್ಣ ಪಟ್ಟಿ ಹೊಡೆದು, ಆ ಪಟ್ಟಿಯ ಮೇಲೆ ಅಡ್ಡ ರೀಪು ಬರಬೇಕು. ಆಗ ನೀರು ರೀಪಿನ ಅಡಿಯಿಂದ ಸೂರಿನವರೆಗೆ ಜಾರಿ ಹೋಗುತ್ತದೆ. ಮಾಡಿನ ನೆತ್ತಿಯಲ್ಲಿ ತಗಡು ಎರಡೂ ಕಡೆಯಿಂದ ಸೇರುವಲ್ಲಿ ಸ್ವಲ್ಪ ಸಂದು ಬಿಡಿಸಿ, ಅಟ್ಟದ ಬಿಸಿಗಾಳಿ ಹೊರಗೆ ಹೋಗಲಿ.

ಮರದ ಬಗ್ಗೆ ಒಂದು ಎಚ್ಚರಿಕೆ. ನಮ್ಮದೇ ಜಾಗದ ಸಾಗುವಾನಿ, ಬೀಟೆ ಎಂದು ಕಡಿಯಲು ಹೋಗಬೇಡಿ. 1976ರ ಮರ ಸಂರಕ್ಷಣಾ ಕಾಯ್ದೆಯ ಪ್ರಕಾರ ಅರಣ್ಯ ಇಲಾಖೆಯ ಅನುಮತಿ ಬೇಕು, ಅದಕ್ಕೆ ಸಮಯ ಹಿಡಿಯುತ್ತದೆ. ಅರ್ಜಿ ಹಾಕುವುದಿದ್ದರೆ ಈಗಲೇ ಹಾಕಿ.

ಅತ್ತೆಯವರ ಬಚ್ಚಲು. ಇದು ಮದುವೆಗೆ ಮುಂಚೆ ಆಗಲೇಬೇಕಾದ ಕೆಲಸ, ಬೇರೆ ಯಾವುದು ನಿಂತರೂ ಇದು ನಿಲ್ಲಬಾರದು. ಮಳೆಯಲ್ಲಿ, ಕತ್ತಲಲ್ಲಿ, ಮಂಡಿನೋವಿನ ಜೀವ ಹಿತ್ತಲಿಗೆ ನಡೆಯುವುದು ಎಂದರೆ ಒಂದಲ್ಲ ಒಂದು ದಿನ ಜಾರುವುದೇ. ಆದರೆ ಅವರ ಕೋಣೆಯ ಒಂದು ಮೂಲೆಗೆ ಗೋಡೆ ಕಟ್ಟಿ ಬಾತ್‌ರೂಮ್ ಮಾಡಿಸಬೇಡಿ. ಮಣ್ಣಿನ ಗೋಡೆಗೆ ಒಳಗಿಂದ ದಿನಾ ನೀರು ಹೊಯ್ದ ಹಾಗಾಗುತ್ತದೆ. ಕೋಣೆಯ ಹೊರಗೆ, ಗಾಳಿಮಳೆ ಬಡಿಯುವ ಪಡುವಣ ಕಡೆ ಬಿಟ್ಟು, ಇಟ್ಟಿಗೆ ಅಥವಾ ಜಂಬಿಟ್ಟಿಗೆಯಲ್ಲಿ ಸ್ವಂತ ಪಾಯದ ಮೇಲೆ ಕಟ್ಟಿಸಿ. ಹಳೇ ಗೋಡೆಗೂ ಹೊಸದಕ್ಕೂ ಮೂರು ಇಂಚು ಸಂದು ಇರಲಿ, ಬೆಸೆಯುವುದು ಬೇಡ. ಮೇಲಿನ ಸಂದಿಗೆ ತಗಡು ಹೊದಿಸಿದರೆ ಆಯಿತು.

ಬಾಗಿಲಿಗೆ ಗೋಡೆ ಒಡೆಯುವಾಗ ಹೊಸ ಜಾಗ ಹುಡುಕಬೇಡಿ. ಆ ಕೋಣೆಯಲ್ಲಿ ಕಿಟಕಿ ಇದ್ದೇ ಇರುತ್ತದೆ. ಕಿಟಕಿಯ ಕೆಳಗಿನ ಗೋಡೆಯನ್ನಷ್ಟೇ ಬಿಡಿಸಿದರೆ ಬಾಗಿಲಾಯಿತು. ಭಾರ ಹೊರುವ ಮರ ಕಿಟಕಿಯ ಮೇಲೆ ಆಗಲೇ ಇದೆ, ಅದು ಗಟ್ಟಿಯಿದೆಯೇ ಎಂದು ಮಾತ್ರ ನೋಡಿಕೊಳ್ಳಿ. ಕೋಣೆಯಿಂದ ಬಚ್ಚಲಿಗೆ ಮೆಟ್ಟಿಲು, ಹೊಸ್ತಿಲು ಇರಬಾರದು. ಬಾಗಿಲು ಹೊರಗೆ ತೆರೆಯಲಿ. ಒಳಗೆ ಬಿದ್ದವರು ಬಾಗಿಲಿಗೆ ಅಡ್ಡವಾದರೆ ತೆಗೆಯಲು ಆಗುವುದಿಲ್ಲ. ಹಿಡಿಕೆಯ ಕಂಬಿಯನ್ನು ಹೊಸ ಗೋಡೆಗೇ ಹಾಕಿಸಿ, ಮಣ್ಣಿನ ಗೋಡೆಗೆ ಹಾಕಿದರೆ ಕೈಯೊಟ್ಟಿಗೆ ಕಿತ್ತು ಬರುತ್ತದೆ. ಶೌಚದ ಗುಂಡಿ ಬಾವಿಯಿಂದ 50 ಅಡಿಯಾದರೂ ದೂರ, ಇಳಿಜಾರಿನ ಕೆಳಗಿರಲಿ.

ಅಡುಗೆಮನೆ ಕತ್ತಲೆಗೆ ಮಾಡಿನಲ್ಲೇ ನಾಲ್ಕಾರು ಗಾಜಿನ ಹೆಂಚು ಸಾಕು. ಅಲ್ಲಿ ಮಾತ್ರ ತಗಡಿಗೆ ಕಿಂಡಿ ಬಿಡಿಸಿ ಪಾರದರ್ಶಕ ಶೀಟ್ ಕೂರಿಸಿ. ಒಲೆಯ ನೆತ್ತಿಯ ಮೇಲೆ ಬೇಡ, ಕೆಲಸ ಮಾಡುವ ಕಟ್ಟೆಯ ಮೇಲೆ ಬೆಳಕು ಬೀಳಲಿ. ಮಾಡ್ಯುಲರ್ ಕಿಚನ್ ಆಸೆಯಿದ್ದರೆ ಎಂಡಿಎಫ್, ಪಾರ್ಟಿಕಲ್ ಬೋರ್ಡು ಖಂಡಿತ ಬೇಡ. ಪುನರ್ವಸು, ಪುಷ್ಯ ಮಳೆಯಲ್ಲಿ ಅವು ರೊಟ್ಟಿ ಉಬ್ಬಿದ ಹಾಗೆ ಉಬ್ಬುತ್ತವೆ. ನೀರು ತಡೆಯುವ, ಐಎಸ್ 710 ಗುರುತಿನ ಪ್ಲೈವುಡ್ ಕೇಳಿ. ನನ್ನನ್ನು ಕೇಳಿದರೆ ಕಡಪಾ ಕಲ್ಲಿನ ಶೆಲ್ಫು, ಗಾಳಿಯಾಡುವ ಸೀಳು ಇರುವ ಮರದ ಬಾಗಿಲು, ಇಷ್ಟೇ ಸಾಕು. ಜಿಪ್ಸಂ ಫಾಲ್ಸ್ ಸೀಲಿಂಗ್ ನಿಮ್ಮ ಊರಿಗಲ್ಲ.

ವೈರಿಂಗ್ ಹಳೆಯದಿದ್ದರೆ ಪೂರ್ತಿ ಬದಲಿಸಿ. ಅರ್ತಿಂಗ್ ಸರಿ ಮಾಡಿಸಿ, ಕರೆಂಟು ಸೋರಿದರೆ ತಕ್ಷಣ ಕಡಿತ ಮಾಡುವ 30 ಮಿಲಿಆಂಪ್‌ನ ಆರ್‌ಸಿಸಿಬಿ ಸ್ವಿಚ್ ಹಾಕಿಸಿ. ತೇವದ ಗೋಡೆಯ ಮನೆಗೆ ಇದು ಜೀವದ ಪ್ರಶ್ನೆ.

ನಡುಮನೆಯ ರೆಡ್ ಆಕ್ಸೈಡ್ ನೆಲ ದಯವಿಟ್ಟು ಉಳಿಸಿಕೊಳ್ಳಿ. ವಿಟ್ರಿಫೈಡ್ ಟೈಲ್ಸ್ ಮಳೆಗಾಲದಲ್ಲಿ ಬೆವರುತ್ತದೆ, ಜಾರುತ್ತದೆ. ಹಳೇ ನೆಲದ ಬಿರುಕಿಗೆ ತೇಪೆ ಹಾಕಿದರೆ ಬಣ್ಣ ಒಂದೇ ಆಗುವುದಿಲ್ಲ ಎನ್ನುವುದು ನಿಜ. ಅದಕ್ಕೆ ಬಿರುಕಿನ ಸುತ್ತ ನೇರ ಗೆರೆಯಲ್ಲಿ ಕತ್ತರಿಸಿ, ಕಪ್ಪು ಆಕ್ಸೈಡಿನ ಪಟ್ಟಿ ಹಾಕಿಸಿ. ತೇಪೆ ಹೋಗಿ ಅಂಚಾಗುತ್ತದೆ.

ಈಗ ಅಲಂಕಾರ. ಕಂಬ, ಹೆಬ್ಬಾಗಿಲಿಗೆ ವರ್ಷ ವರ್ಷ ಬಳಿದ ಆಯಿಲ್ ಪೇಂಟ್ ಇರುತ್ತದೆ. ಒಂದು ಕಂಬದಲ್ಲಿ ಸ್ವಲ್ಪ ಜಾಗದ ಬಣ್ಣ ಬಿಡಿಸಿ ನೋಡಿ, ಅಡಿಯಲ್ಲಿ ಯಾವ ಮರವಿದೆಯೋ ನಿಮಗೇ ಆಶ್ಚರ್ಯ ಆಗಬಹುದು. ಹಳೇ ಬಣ್ಣದಲ್ಲಿ ಸೀಸ ಇರುವ ಸಾಧ್ಯತೆ ಇದೆ. ಒಣಗಿದ್ದನ್ನು ಉಜ್ಜಿ ಧೂಳೆಬ್ಬಿಸಬೇಡಿ, ಒದ್ದೆ ಮಾಡಿ ಕೆರೆಯಿಸಿ, ಮಕ್ಕಳನ್ನು ದೂರ ಇಡಿ. ಆಮೇಲೆ ಅಗಸೆ ಎಣ್ಣೆ ಎರಡು ಕೈ. ಹಳೇ ಮರದ ಕೆಲಸ ಹೇಗೆ ಕಾಣಬೇಕೆಂದು ಬಡಗಿಗೆ ತೋರಿಸಲು ಕುಪ್ಪಳಿಯಲ್ಲಿರುವ ಕುವೆಂಪು ಅವರ ಕವಿಮನೆಗೆ ಒಮ್ಮೆ ಕರೆದುಕೊಂಡು ಹೋಗಿ. ಬಾಯಲ್ಲಿ ಹೇಳುವುದಕ್ಕಿಂತ ಅದು ಚೆನ್ನಾಗಿ ಅರ್ಥವಾಗುತ್ತದೆ.

ಜಗಲಿಯ ಗೋಡೆಗೆ ಸ್ಟಿಕ್ಕರ್, ವಾಲ್‌ಪೇಪರ್ ಬೇಡ, ಹಿಂದೆ ಬೂಷ್ಟು ಹಿಡಿಯುತ್ತದೆ. ನಮ್ಮ ಸಾಗರ ಸೀಮೆಯ ದೀವರ ಹೆಣ್ಣುಮಕ್ಕಳು ಬರೆಯುವ ಹಸೆ ಚಿತ್ತಾರಕ್ಕಿಂತ ಮದುವೆ ಮನೆಗೆ ಬೇರೆ ಅಲಂಕಾರ ಯಾಕೆ? ಕೆಮ್ಮಣ್ಣು ಬಳಿದ ಗೋಡೆ, ಅಕ್ಕಿ ಹಿಟ್ಟಿನ ಬಿಳಿ, ಹುರಿದು ಕರಿಮಾಡಿದ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ, ಪುಂಡಿ ನಾರಿನ ಕುಂಚ. ಮದುವೆಯ ಶಾಸ್ತ್ರದೊಟ್ಟಿಗೇ ಬೆಳೆದು ಬಂದ ಕಲೆ ಅದು. ಬಲ್ಲವರನ್ನೇ ಕರೆಸಿ, ಅವರು ಹೇಳಿದ ಸಂಭಾವನೆ ಕೊಟ್ಟು ಬರೆಸಿ. ಫೋಟೊ ನೋಡಿ ಪೇಂಟರ್ ಹತ್ತಿರ ನಕಲು ಮಾಡಿಸಬೇಡಿ.

ಸಮಯದ ಲೆಕ್ಕ ಹೀಗಿರಲಿ. ಈಗ ಮಳೆ ಇರುವಾಗಲೇ ಎಲ್ಲೆಲ್ಲಿ ಸೋರುತ್ತದೆ, ಅಂಗಳದಲ್ಲಿ ನೀರು ಎಲ್ಲಿ ನಿಲ್ಲುತ್ತದೆ ಎಂದು ಗುರುತು ಹಾಕಿಕೊಳ್ಳಿ. ಬೇಸಿಗೆಯಲ್ಲಿ ಬರುವ ಮೇಸ್ತ್ರಿಗೆ ಇದು ಕಾಣುವುದಿಲ್ಲ. ದಸರಾ ಕಳೆದ ಕೂಡಲೇ ಕಾಲುವೆ ತೆಗೆಸಿ, ಪ್ಲಾಸ್ಟರ್ ಬಿಡಿಸಿ. ಅಡಿಕೆ ಗೊನೆಯ ಕೊಯ್ಲು ಶುರುವಾದರೆ ಆಳು ಸಿಗುವುದಿಲ್ಲ, ನಿಮಗೂ ಅಡಿಕೆ ಸುಲಿಸುವ ಗಡಿಬಿಡಿ. ಆ ಹೊತ್ತಿಗೆ ಗೋಡೆ ಒಣಗುತ್ತಿರಲಿ. ಮಾಡಿನ ಕೆಲಸ ಫೆಬ್ರುವರಿಯಲ್ಲಿ ಹಿಡಿದು ಮಾರ್ಚ್ ಕೊನೆಗೆ ಮುಗಿಸಿ. ಏಪ್ರಿಲ್‌ನಲ್ಲಿ ಗುಡುಗು ಮಳೆ ಯಾವಾಗ ಬರುತ್ತದೋ ಹೇಳಲಾಗದು, ಹೆಂಚು ಇಳಿಸಿದ ಮಣ್ಣಿನ ಮನೆಗೆ ಒಂದು ಸಂಜೆಯ ಮಳೆ ಸಾಕು. ಒಂದೊಂದೇ ಮಗ್ಗುಲು ಬಿಚ್ಚಿಸಿ, ದೊಡ್ಡ ಟಾರ್ಪಾಲು ಕೈಗೆ ಸಿಗುವ ಹಾಗೆ ಇಟ್ಟುಕೊಳ್ಳಿ. ಬಚ್ಚಲು, ವೈರಿಂಗ್ ಇದರ ಜೊತೆಜೊತೆಗೇ ನಡೆಯಬಹುದು. ಸುಣ್ಣ ಬಳಿಯುವುದು ಏಪ್ರಿಲ್‌ಗೆ.

ದುಡ್ಡು ಸಾಲದೆ ಬಂದರೆ ಅಡುಗೆಮನೆಯ ಮರದ ಕೆಲಸ ಮತ್ತು ಮೇಲಿನ ಗೋಡೆಯ ಬಣ್ಣವನ್ನು ಮದುವೆಯ ನಂತರದ ದಸರಾಕ್ಕೆ ಬಿಡಿ. ಅಷ್ಟರಲ್ಲಿ ಹೊಸ ಗಾರೆ ಒಂದು ಮಳೆಗಾಲ ದಾಟಿರುತ್ತದೆ. ಆಗ ಅದೇ ಪ್ಲಾಸ್ಟಿಕ್ ಹಾಳೆಯ ಪರೀಕ್ಷೆ ಇನ್ನೊಮ್ಮೆ ಮಾಡಿ. ಧರೆ ಕಡೆ ಇನ್ನೂ ಹನಿ ಕಟ್ಟುತ್ತಿದ್ದರೆ ಅಲ್ಲಿನ ಕಾಲುವೆಯನ್ನು ಅರ್ಧ ಅಡಿ ತಗ್ಗಿಸಬೇಕಾಗುತ್ತದೆ. ಪಾಯದ ಅಡಿ ಎಲ್ಲಿದೆ ಎಂದು ನೋಡಿಕೊಂಡೇ ಅದಕ್ಕೆ ಕೈ ಹಾಕಿ.